ಕೆಸರಿನೊಳಗಿನ ಬಳ್ಳಾರಿ ಜಾಲಿ

ಸಭೆಗೆ ನಮಸ್ಕಾರ. ಕಡಲಿನಿಂದ ಇಷ್ಟು ದೂರದ ಬಳ್ಳಾರಿಯಲ್ಲಿ ಕಡಲತಳದ ಹುಳುಗಳ ಬಗ್ಗೆ ಉಪನ್ಯಾಸವೇಕೆ ಎಂದು ಮಿತ್ರರೊಬ್ಬರು ನಿನ್ನೆ ಕೇಳಿದರು. ಸಂಡೂರಿನ ಅದಿರು ಲಾರಿಯೇರಿ ಕರಾವಳಿಯ ಬಂದರುಗಳಿಗೆ ಹೋಗುತ್ತಿದ್ದ ವರ್ಷಗಳನ್ನು ಕಂಡ ನಿಮಗೆ ಅದನ್ನು ವಿವರಿಸಬೇಕಾಗಿಲ್ಲ. ಹಡಗು ಬರಬೇಕೆಂದರೆ ಯಾರಾದರೂ ತಳವನ್ನು ತೋಡಲೇಬೇಕು, ತೋಡಿದ ಹೂಳನ್ನು ಎಲ್ಲಾದರೂ ಸುರಿಯಲೇಬೇಕು.

ವಿದ್ಯಾರ್ಥಿಯಾಗಿದ್ದಾಗ ಪಶ್ಚಿಮ ಕರಾವಳಿಯ ನಗರವೊಂದರ ಕೊಳಚೆ ಬಂದು ಸೇರುವ ಅಳಿವೆಗೆ ಕೆಸರಿನ ಮಾದರಿ ತರಲು ಹೋಗಿದ್ದೆ. ಗ್ರಾಬ್ ಎಂಬ ಕಬ್ಬಿಣದ ದವಡೆಯನ್ನು ಹಗ್ಗದಲ್ಲಿ ಇಳಿಸಿ ಎಳೆದರೆ, ಮೊದಲ ಸಲ ಹಳೆಯ ಚಪ್ಪಲಿಯೊಂದು ಕಚ್ಚಿಕೊಂಡು ಬಂದು ಕೆಸರೆಲ್ಲ ಸೋರಿಹೋಗಿತ್ತು. ಮತ್ತೆ ಇಳಿಸುವುದನ್ನು ಕಂಡ ದೋಣಿಯವರು, "ಎಂತ ಮಾರಾಯ್ರೆ, ಅದರ ಜೋಡಿ ಸಿಗುವವರೆಗೆ ಹಾಕ್ತೀರಾ?" ಎಂದರು. ಮೂರನೆಯ ಸಲ ಕಾಡಿಗೆಯಂಥ ಕೆಸರು, ಕೊಳೆತ ಮೊಟ್ಟೆಯ ವಾಸನೆಯೊಂದಿಗೆ ಮೇಲೆ ಬಂದಿತು. ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದಾಗ ಉಳಿದದ್ದು ದಾರದೆಳೆಯಷ್ಟು ಸಪೂರವಾದ ನೂರಾರು ಕೆಂಪು ಹುಳುಗಳು. ಹಿಗ್ಗಿನಿಂದ ನೋಟುಪುಸ್ತಕದಲ್ಲಿ 'ಜೀವಸಮೃದ್ಧ' ಎಂದು ಬರೆದೆ. ನಮ್ಮ ಮೇಷ್ಟ್ರು ಅದರ ಮೇಲೆ ಗೀಟು ಎಳೆದು, "ಎಷ್ಟು ಹುಳು ಅಂತ ಬರೆದಿದ್ದೀಯಪ್ಪ, ಎಷ್ಟು ಬಗೆ?" ಎಂದು ಕೇಳಿದರು. ಇದ್ದದ್ದು ಒಂದೇ ಬಗೆ, ಕ್ಯಾಪಿಟೆಲ್ಲಾ.

ಅಮೆರಿಕ ಖಂಡದಿಂದ ಬಂದು ನಮ್ಮ ಊರಿನ ಹೆಸರು ಹೊತ್ತ ಬಳ್ಳಾರಿ ಜಾಲಿಯನ್ನು ನೀವು ಬಲ್ಲಿರಿ. ಬೇರೆ ಗಿಡ ಸೋತ ನೆಲದಲ್ಲಿ ಅದು ಹಬ್ಬುತ್ತದೆ, ದೂರದಿಂದ ನೋಡಿದರೆ ಹಸಿರೋ ಹಸಿರು. ಕ್ಯಾಪಿಟೆಲ್ಲಾ ಕೆಸರಿನ ಜಾಲಿ. ಕೊಳಚೆಯ ಸಾವಯವ ವಸ್ತುವನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ತಳದ ಆಮ್ಲಜನಕವನ್ನು ಮುಗಿಸುತ್ತವೆ; ಬಳಿಕ ಆ ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ, ಹೈಡ್ರೋಜನ್ ಸಲ್ಫೈಡ್ ಹುಟ್ಟಿ, ಆಳಕ್ಕೆ ಬಿಲ ಕೊರೆದು ಕೆಸರಿಗೆ ಉಸಿರು ಕೊಡುತ್ತಿದ್ದ ದೊಡ್ಡ ಹುಳು, ಚಿಪ್ಪು, ಏಡಿಗಳು ಇಲ್ಲವಾಗಿ, ಬೇಗ ಬೆಳೆದು ಬೇಗ ಮರಿಮಾಡುವ ಚಿಕ್ಕ ಹುಳುಗಳು ಮೇಲ್ಪದರದಲ್ಲಿ ತುಂಬಿಕೊಳ್ಳುತ್ತವೆ. ಪಿಯರ್ಸನ್ ಮತ್ತು ರೋಸೆನ್‌ಬರ್ಗ್ ಎಂಬ ವಿಜ್ಞಾನಿಗಳು ಈ ಕ್ರಮವನ್ನು 1978ರಲ್ಲಿಯೇ ವಿವರಿಸಿದ್ದಾರೆ. ಆದರೂ ಯೋಜನಾ ವರದಿಯೊಂದು 'ಚದರ ಮೀಟರಿಗೆ ಇಷ್ಟು ಸಾವಿರ ಜೀವಿಗಳು' ಎಂದು ಬೀಗಿದರೆ, ನಾನು ಮೇಷ್ಟ್ರ ಪ್ರಶ್ನೆಯನ್ನೇ ಕೇಳುತ್ತೇನೆ: ಎಷ್ಟು ಬಗೆ?

ಅಧ್ಯಕ್ಷರ ಚೀಟಿ ಬಂದಿದೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಹೂಳೆತ್ತುವಾಗ ಜೀವಿಗಳಿರುವ ಮೇಲ್ಪದರವೇ ಹೋಗುತ್ತದೆ, ಸುರಿದ ಕಡೆಯವು ಹೂತುಹೋಗುತ್ತವೆ; ಹುಳುಗಳು ತಿಂಗಳುಗಳಲ್ಲಿ ಮರಳಬಹುದು, ನಿಧಾನವಾಗಿ ಬೆಳೆಯುವ ಚಿಪ್ಪುಗಳಿಗೆ ವರ್ಷಗಳು ಬೇಕು. ದಡಕ್ಕೆ ಬಂಡೆ ಪೇರಿಸಿದರೆ ಅಂಟಿಕೊಳ್ಳುವ ಸಿಂಪಿಗೆ ಮನೆಯಾಯಿತು, ಮರಳಿನಲ್ಲಿ ಹುದುಗುವ ಚಿಪ್ಪಿಗೆ ಹೋಯಿತು. ಇಲ್ಲಿಯೂ ಬರೀ ಜೀವಿಗಳನ್ನು ಎಣಿಸಿದರೆ ಲೆಕ್ಕ ಸರಿಯಾಗಿಯೇ ಕಂಡೀತು! ಜೀವಿಗಳು ಅಂಟದಿರಲೆಂದು ಹಡಗಿನ ತಳಕ್ಕೆ ಬಳಿಯುತ್ತಿದ್ದ, 2008ರಲ್ಲಿ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂದ ಟ್ರೈಬ್ಯುಟೈಲ್‌ಟಿನ್ ಬಣ್ಣ ಹೆಣ್ಣು ಶಂಖದ ಹುಳುಗಳಲ್ಲಿ ಗಂಡಿನ ಅಂಗ ಬೆಳೆಸಿದ ಕಥೆಗೆ ಇಂದು ಸಮಯವಿಲ್ಲ.

ಬಾಗಿಲ ಬಳಿಯ ಮೇಜಿನ ಮೇಲೆ ಎರಡು ಬಾಟಲಿಗಳಿವೆ, ಒಂದು ಆ ಅಳಿವೆಯದು, ಇನ್ನೊಂದು ದೂರದ ಸ್ವಚ್ಛ ತಳದ್ದು. ಭೂತಗನ್ನಡಿಯನ್ನೂ ಇಟ್ಟಿದ್ದೇನೆ. ಮುಚ್ಚಳ ಮಾತ್ರ ತೆಗೆಯಬೇಡಿ, ಒಳಗಿರುವುದು ಫಾರ್ಮಲಿನ್.