ಕತ್ತಿನ ಕಪ್ಪು ಕೊಳೆ ಅಲ್ಲ

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಡಯಟೀಷಿಯನ್ನೂ ಅಲ್ಲ, ಮೈಸೂರಲ್ಲಿರೋ ಇಬ್ಬರು ಮಕ್ಕಳ ತಾಯಿ. ಮಕ್ಕಳ ಊಟದ ಬಗ್ಗೆ ಮಾತಾಡಿ ಅಂತ ಕರೆದ್ರು, ನಮ್ಮನೇಲಿ ಆಗಿದ್ದನ್ನೇ ಹೇಳ್ತೀನಿ.

ಮಗನಿಗೆ ಆಗ 9 ವರ್ಷ. ಭಾನುವಾರ ಎಣ್ಣೆ ಹಚ್ಚಿ ನೀರು ಹಾಕುವಾಗೆಲ್ಲ ಕತ್ತಿನ ಹಿಂದೆ ಒಂದು ಕಪ್ಪು ಪಟ್ಟಿ ಕಾಣ್ತಿತ್ತು, ಕಂಕುಳಲ್ಲೂ ಹಾಗೇ. ಬಿಸಿಲಲ್ಲಿ ಆಡಿ ಕೊಳೆ ಕೂತಿದೆ ಅಂದ್ಕೊಂಡು ಕಡ್ಲೆಹಿಟ್ಟು ಹಾಕಿ ಉಜ್ಜಿದೆ, ನಿಂಬೆಹಣ್ಣಿನ ಸಿಪ್ಪೆ ಹಾಕಿ ಉಜ್ಜಿದೆ, "ಅಮ್ಮಾ ಉರಿಯುತ್ತೆ" ಅಂತ ಅತ್ರೂ ಬಿಡ್ಲಿಲ್ಲ. ಆಮೇಲೊಂದಿನ ಜ್ವರ ಅಂತ ಕರ್ಕೊಂಡು ಹೋದಾಗ ಮಕ್ಕಳ ಡಾಕ್ಟರು ಶರ್ಟಿನ ಕಾಲರ್ ಸರಿಸಿ ನೋಡಿದ್ರು. ಅಮ್ಮಾ, ಇದು ಕೊಳೆ ಅಲ್ಲ, ಉಜ್ಜಬೇಡಿ, ರಕ್ತದ ಸಕ್ಕರೆ ಹತೋಟೀಲಿಡೋ ಇನ್ಸುಲಿನ್ ಮಾತನ್ನ ಇವನ ಮೈ ಕೇಳ್ತಿಲ್ಲ, ಅದಕ್ಕೇ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಮಾಡ್ತಿದೆ, ಅದು ಜಾಸ್ತಿಯಾದಾಗ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತೆ ಅಂದ್ರು. ನನಗೆ ಆ ಉಜ್ಜಿದ್ದೆಲ್ಲ ನೆನಪಾಗಿ ಅಲ್ಲೇ ಕಣ್ಣಲ್ಲಿ ನೀರು ಬಂತು.

ತೂಕ 42 ಕೆಜಿ, ಎತ್ತರ 134 ಸೆಂಟಿಮೀಟರ್. ತೂಕನ ಎತ್ತರದಿಂದ, ಅಂದ್ರೆ ಮೀಟರಲ್ಲಿ, ಎರಡು ಸಲ ಭಾಗಿಸಿದ್ರೆ ಬರೋದೇ ಬಿಎಂಐ, ಇವನದ್ದು 23 ದಾಟಿತ್ತು. ದೊಡ್ಡವರಲ್ಲಿ ಇದು ದೊಡ್ಡ ಸಂಖ್ಯೆ ಅನ್ನಿಸಲ್ಲ, ಆದ್ರೆ ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಚಾರ್ಟ್ ಇದೆ, ಅದರಲ್ಲಿ 9 ವರ್ಷದ ಹುಡುಗನಿಗೆ ಇದು ಬೊಜ್ಜಿನ ಲೆಕ್ಕ. ಚಿಕ್ಕವನಿದ್ದಾಗ ಅಂಗನವಾಡೀಲಿ ತೂಕ ನೋಡ್ತಿದ್ರು, ಸ್ಕೂಲಿಗೆ ಸೇರಿದ ಮೇಲೆ ನಾವೇ ಮರೆತುಬಿಟ್ವಿ. ಮೈಕೈ ತುಂಬ್ಕೊಂಡಿದಾನೆ, ದೃಷ್ಟಿ ಆಗುತ್ತೆ ಅಂತ ನಿವಾಳಿಸ್ತಿದ್ವಿ.

ಇನ್ನೊಂದು ಪ್ರಶ್ನೆ ಕೇಳಿದ್ರು ಡಾಕ್ಟರು, ಬಸುರೀಲಿ ನಿಮಗೆ ಶುಗರ್ ಇತ್ತಾ ಅಂತ. ಇತ್ತು. ಹೆರಿಗೆ ಆದ್ಮೇಲೆ ನಾರ್ಮಲ್ ಆಯ್ತು, ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಆಗ ಅವರು ಹೇಳಿದ್ದು, ನಮ್ಮ ಮೈಸೂರಲ್ಲೇ, ಹೋಲ್ಡ್ಸ್‌ವರ್ತ್ ಆಸ್ಪತ್ರೇಲಿ, 1997-98ರಲ್ಲಿ ಬಸುರಿ ಹೆಂಗಸರಿಗೆ ಶುಗರ್ ಟೆಸ್ಟ್ ಮಾಡಿ, ಹುಟ್ಟಿದ ಮಕ್ಕಳನ್ನ ವರ್ಷಾನುಗಟ್ಟಲೆ ಕರೆಸಿ ಕರೆಸಿ ಅಳೆದಿದ್ದಾರೆ. ತಾಯಿಗೆ ಶುಗರ್ ಬಂದಿದ್ದ ಮಕ್ಕಳಲ್ಲಿ ಒಂಬತ್ತು ಹತ್ತು ವಯಸ್ಸಿಗೇ ಇನ್ಸುಲಿನ್ ಜಾಸ್ತಿ ಇತ್ತಂತೆ, ಮೈಯಲ್ಲಿ ಕೊಬ್ಬೂ ಜಾಸ್ತಿ, ಅದರಲ್ಲೂ ಹೆಣ್ಮಕ್ಕಳಲ್ಲಿ. ಬಸುರೀಲಿ ಶುಗರ್ ಬಂದಿದ್ದ ತಾಯಂದಿರು ಈ ಮಾತು ಕೇಳಿಸ್ಕೊಳ್ತಿದ್ರೆ, ಹೆದರ್ಬೇಡಿ, ಆದ್ರೆ ಮಗೂದು ಎತ್ತರ ತೂಕ ವರ್ಷಕ್ಕೆರಡು ಸಲ ಬರೆದಿಡಿ, ನಿಮ್ಮ ಶುಗರನ್ನೂ ಆಗಾಗ ಟೆಸ್ಟ್ ಮಾಡಿಸ್ತಾ ಇರಿ.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಅವನೊಬ್ಬನಿಗೆ ಪಥ್ಯ ಹಾಕಿದೆ. ತಂಗಿ ತೆಳ್ಳಗಿದಾಳೆ ಅಂತ ಅವಳ ತಟ್ಟೆಗೆ ಹೋಳಿಗೆ, ಇವನಿಗಿಲ್ಲ. ಬಂದ ನೆಂಟರು ಬೇರೆ "ಏನೋ ಡುಮ್ಮಾ" ಅಂತ ಕೆನ್ನೆ ಹಿಂಡೋರು. ಹದಿನೈದು ದಿನ ಆಗಿರ್ಬೇಕು, ಹಾಸಿಗೆ ಕೊಡವೋಕೆ ಹೋದ್ರೆ ದಿಂಬಿನ ಕೆಳಗೆ ಬಿಸ್ಕೆಟ್ ಪ್ಯಾಕೆಟ್ಟಿನ ಕವರ್‌ಗಳು, ಐದೋ ಆರೋ. ನನ್ನ ಮಗು ಕತ್ತಲೇಲಿ ಕದ್ದು ತಿಂತಿತ್ತು. ಬೊಜ್ಜಿಗಿಂತ ಅದು ನನ್ನನ್ನ ಜಾಸ್ತಿ ಹೆದರಿಸ್ತು. ಮತ್ತೆ ಡಾಕ್ಟರ್ ಹತ್ರ ಹೋದೆ. ಬೆಳೆಯೋ ಮಗೂನ ಉಪವಾಸ ಕೆಡವಬೇಡಿ, ತೂಕ ಇಳಿಸೋಕೆ ಹೋಗಬೇಡಿ, ಈಗಿರೋ ತೂಕ ಏರದ ಹಾಗೆ ನೋಡ್ಕೊಳ್ಳಿ, ಎತ್ತರ ತಾನಾಗೇ ಬೆಳೆದು ಸರಿ ಮಾಡುತ್ತೆ, ಏನೇ ಬದಲಾಯಿಸಿದ್ರೂ ಇಡೀ ಮನೆಗೆ ಬದಲಾಯಿಸಿ ಅಂದ್ರು.

ಸರಿ, ಅಡುಗೆಮನೆಯಿಂದ್ಲೇ ಶುರು ಮಾಡಿದ್ವಿ. ಹಾಲಿಗೆ ಹಾಕೋ ಪುಡಿ ಡಬ್ಬ ತಿರುಗಿಸಿ ಓದಿದೆ, ಮೂರರಲ್ಲಿ ಒಂದು ಪಾಲು ಸಕ್ಕರೆ. ಪೊಟ್ಟಣದ ಮೇಲೆ ಪದಾರ್ಥಗಳನ್ನ ಯಾವುದು ಜಾಸ್ತಿ ಇದೆಯೋ ಅದೇ ಕ್ರಮದಲ್ಲಿ ಬರೀಬೇಕು ಅಂತ ನಿಯಮ ಇದೆ, ಸಕ್ಕರೆ ಮೊದಲನೇದೋ ಎರಡನೇದೋ ಇದ್ರೆ ಅದು ಸಿಹಿತಿಂಡಿ ಅಂತಾನೇ ತಿಳ್ಕೊಳ್ಳಿ. ಅದರ ಮೇಲೆ ನಾವು ಇನ್ನೆರಡು ಚಮಚ ಸಕ್ಕರೆ ಹಾಕ್ತಿದ್ವಿ, ದಿನಕ್ಕೆ ಎರಡು ಲೋಟ, ಸಂಜೆ ಬೇಕರಿ ಹನಿ ಕೇಕು, ಭಾನುವಾರ ಕೂಲ್‌ಡ್ರಿಂಕು, 300 ಎಂಎಲ್ ಕೋಲಾದಲ್ಲೇ 30 ಗ್ರಾಂ ಮೇಲೆ ಸಕ್ಕರೆ ಇರುತ್ತೆ. ಮಕ್ಕಳಿಗೆ ಹೊರಗಿನಿಂದ ಸೇರಿಸೋ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿರ್ಲಿ ಅಂತಾರೆ, ಅಂದ್ರೆ ಐದಾರು ಚಮಚ, ನಮ್ಮನೇಲಿ ಅದು ಬೆಳಗ್ಗೆ ಹನ್ನೊಂದಕ್ಕೇ ಮುಗೀತಿತ್ತು. 2024ರ ಏಪ್ರಿಲಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಯವರಿಗೆ ಇಂಥ ಪುಡಿಗಳನ್ನ "ಹೆಲ್ತ್ ಡ್ರಿಂಕ್" ಪಟ್ಟೀಲಿ ಇಡಬೇಡಿ ಅಂತ ಹೇಳ್ತು, ಅಲ್ಲೀವರ್ಗೂ ನಾನೂ ಅದನ್ನ ಆರೋಗ್ಯ ಅಂತಾನೇ ಕೊಡ್ತಿದ್ದೆ.

ಅತ್ತೆಯವರನ್ನ ಒಪ್ಪಿಸೋದು ಕಷ್ಟ ಆಯ್ತು, ಅವರ ಮೇಲೆ ನನಗೆ ಸಿಟ್ಟಿಲ್ಲ. ನಾಗಮಂಗಲದ ಕಡೆ ಹಳ್ಳೀಲಿ ಹಸಿವು ಕಂಡು ಬೆಳೆದವರು ಅವರು, ಮೊಮ್ಮಗ ಬೇಡ ಅಂದ್ರೂ ಇನ್ನೊಂದು ಸೌಟು ಹಾಕೋದೇ ಅವರಿಗೆ ಪ್ರೀತಿ. ಅವರ ಭಯ ಸುಳ್ಳೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ, ಅದೇ ಹೊತ್ತಲ್ಲಿ ಅತಿತೂಕದ ಮಕ್ಕಳು ಹಿಂದಿನ ಸಮೀಕ್ಷೇಲಿದ್ದ ಶೇ. 2.1ರಿಂದ 3.4ಕ್ಕೆ ಏರಿದ್ದಾರೆ. ಅತ್ತೆ ಜೊತೆ ವಾದ ಮಾಡ್ಲಿಲ್ಲ, "ಅತ್ತೆ, ನೀವು ಚಿಕ್ಕೋರಿದ್ದಾಗ ಸಂಜೆ ಏನು ತಿಂತಿದ್ರಿ" ಅಂತ ಕೇಳಿದೆ. ಬೇಯಿಸಿದ ಕಡ್ಲೆಕಾಯಿ, ಹುರುಳಿಕಾಳು ಉಸಲಿ, ಸೀಬೆಕಾಯಿ, ಸೊಪ್ಪಿನ ಬಸ್ಸಾರು ಮುದ್ದೆ, ಹೇಳ್ತಾ ಹೋದ್ರು. ಮಾರನೇ ದಿನದಿಂದ ಸಂಜೆ ತಿಂಡಿ ಅವರದ್ದೇ. 100 ಗ್ರಾಂ ರಾಗೀಲಿ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ ಅಂದಾಗ ಅವರ ಮುಖ ನೋಡ್ಬೇಕಿತ್ತು!

ಎಣ್ಣೆ ತಿಂಗಳಿಗೆ ಐದು ಲೀಟರ್ ಕ್ಯಾನ್ ತರ್ತಿದ್ವಿ ಐದು ಜನಕ್ಕೆ, ಈಗ ಎರಡೂವರೆ. ಊಟಕ್ಕೆ ಕೂತಾಗ ಮೊಬೈಲು ಟೀವಿ ಇಲ್ಲ, ನಮಗೂ ಇಲ್ಲ, ಯಾಕಂದ್ರೆ ಸ್ಕ್ರೀನ್ ನೋಡ್ತಾ ತಿನ್ನೋ ಮಗೂಗೆ ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ. ಸಾಕು ಅಂದ್ರೆ ಸಾಕು, ತಟ್ಟೆ ಖಾಲಿ ಮಾಡ್ಲೇಬೇಕು ಅನ್ನೋದು ಬಿಟ್ಟಿದ್ದೀವಿ. ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಬೆವರು ಬರೋ ಹಾಗೆ ಆಟ ಬೇಕು, ಸಂಜೆ ಟ್ಯೂಷನ್ ಒಂದು ಬಿಡಿಸಿದ್ವಿ, ಅದಕ್ಕೆ ಮನೇಲಿ ಜಗಳವೂ ಆಯ್ತು, ಆದ್ರೆ ಬಿಡಿಸಿದ್ದೇ ಸರಿ ಅಂತ ಈಗಲೂ ಅನ್ಸುತ್ತೆ. ಬೆಳಗ್ಗೆ ಅಪ್ಪನೂ ಮಕ್ಕಳೂ ಕುಕ್ಕರಹಳ್ಳಿ ಕೆರೆ ಸುತ್ತಾರೆ. ಹೋಳಿಗೆ ನಿಂತಿಲ್ಲ, ಹಬ್ಬಕ್ಕೆ ಮಾಡ್ತೀವಿ, ಎಲ್ಲರಿಗೂ ಒಂದೊಂದು, ಅಣ್ಣನಿಗೂ ತಂಗಿಗೂ ಅಜ್ಜಿಗೂ.

ಒಂದು ವರ್ಷ ಆಯ್ತು. ಬಾಗಿಲ ಚೌಕಟ್ಟಿಗೆ ನಿಲ್ಸಿ ಪೆನ್ಸಿಲಲ್ಲಿ ಗೆರೆ ಹಾಕ್ತೀವಿ, ಆರು ಸೆಂಟಿಮೀಟರ್ ಬೆಳೆದಿದ್ದಾನೆ, ತೂಕ 43ರಲ್ಲಿದೆ. ಕತ್ತಿನ ಕಪ್ಪು ಪೂರ್ತಿ ಹೋಗಿಲ್ಲ, ತಿಳಿಯಾಗಿದೆ. ಭಾನುವಾರ ಎಣ್ಣೆ ಹಚ್ಚುವಾಗ ಅಲ್ಲಿ ಮೆತ್ತಗೆ ಕೈ ಆಡಿಸ್ತೀನಿ. ದಿಂಬಿನ ಕೆಳಗೆ ಈಗ ಏನೂ ಸಿಗಲ್ಲ.

ನಮಸ್ಕಾರ.