ಮೊದಲು ಪುಸ್ತಕವೋ, ಸಿನಿಮಾವೋ? ಕಾಸರಗೋಡಿನಿಂದ ಒಂದು ಉತ್ತರ

[ದೃಶ್ಯ: ಚಂದ್ರಗಿರಿ ಹೊಳೆ, ಸೇತುವೆ, ಆಚೆ ದಡದ ತೆಂಗಿನ ತೋಟ]

ನಮಸ್ಕಾರ. ಕಾದಂಬರಿಯೊಂದು ಸಿನಿಮಾ ಆಗಿದೆ ಎಂದ ಕೂಡಲೇ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಂದ ಹಿಡಿದು ವಾಚನಾಲಯಕ್ಕೆ ಬರುವ ಹಿರಿಯರವರೆಗೆ ಹಲವರು ಕೇಳುವ ಪ್ರಶ್ನೆ ಒಂದೇ: ಮೊದಲು ಓದಬೇಕೋ, ನೋಡಬೇಕೋ? ಸಾಧ್ಯವಿರುವಾಗಲೆಲ್ಲ ಓದಿಯೇ ನೋಡಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಓದಿದ ಪುಸ್ತಕ ಸಿನಿಮಾ ನೋಡುವುದಕ್ಕೆ ಅಡ್ಡಿಯಾಗುವುದು ಕಡಿಮೆ. ನೋಡಿದ ಸಿನಿಮಾ ಮಾತ್ರ ಆಮೇಲಿನ ಓದಿನ ಪ್ರತಿ ಪುಟದಲ್ಲೂ ನಮಗಿಂತ ಮೊದಲೇ ಬಂದು ಕುಳಿತಿರುತ್ತದೆ.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ಆ ಸಿನಿಮಾ ನೋಡಿದವರಿಗೆ ರಾಮಾಚಾರಿ ಎಂದರೆ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರು ಎಂದರೆ ಅಶ್ವತ್ಥ್. ಈ ಮುಖಗಳು ಎಷ್ಟೇ ಪ್ರಿಯವಾಗಿರಲಿ, ಕಾದಂಬರಿಯ ರಾಮಾಚಾರಿಗೆ ನಮ್ಮದೇ ಒಂದು ಮುಖ ಕೊಡುವ ಅವಕಾಶ ಕೈತಪ್ಪಿ ಹೋಗಿರುತ್ತದೆ.

ಮುಖಕ್ಕಿಂತ ದೊಡ್ಡ ನಷ್ಟ ಮನಸ್ಸಿನದು. ಅನಂತಮೂರ್ತಿಯವರ ‘ಸಂಸ್ಕಾರ’ದ ಕೊನೆಯ ಭಾಗದಲ್ಲಿ ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ನಡೆಯುತ್ತಾರೆ, ಮಾತುಗಾರ ಪುಟ್ಟ ಜೊತೆಗೆ ಬೀಳುತ್ತಾನೆ, ಜಾತ್ರೆಯ ಗದ್ದಲ ಎದುರಾಗುತ್ತದೆ. ಹೊರಗೆ ನಡೆಯುವುದು ಇಷ್ಟೇ. ಒಳಗೆ ಒಬ್ಬ ವಿದ್ವಾಂಸ ತನ್ನ ಇಡೀ ಬದುಕನ್ನು ತಾನೇ ವಿಚಾರಣೆಗೆ ಒಡ್ಡಿಕೊಂಡಿರುತ್ತಾನೆ. 1970ರ ಸಿನಿಮಾದಲ್ಲಿ ಗಿರೀಶ ಕಾರ್ನಾಡರ ಮುಖ ಈ ಹೊಯ್ದಾಟವನ್ನು ಹೊರಲು ಶಕ್ತಿಮೀರಿ ದುಡಿದಿದೆ. ಆದರೆ ಪುಟಗಟ್ಟಲೆ ಹರಿಯುವ ಆ ವಾದ, ಆ ಭಯ, ಆ ಬಯಕೆಗಳನ್ನು ಓದಿ ಬಂದವರಿಗೆ ಮಾತ್ರ ಆ ಮೌನ ಪೂರ್ತಿಯಾಗಿ ಕೇಳಿಸುತ್ತದೆ.

[ದೃಶ್ಯ: ರಾತ್ರಿ, ದೂರದಲ್ಲಿ ದುಡಿಯ ಸದ್ದು]

ನಮ್ಮ ನೆಲಕ್ಕೆ ಹತ್ತಿರದ ಉದಾಹರಣೆ ‘ಚೋಮನ ದುಡಿ’. ಶಿವರಾಮ ಕಾರಂತರು 1930ರ ದಶಕದ ಆರಂಭದಲ್ಲಿ ಬರೆದ ಈ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಅದಕ್ಕೆ ಆ ವರ್ಷದ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವ ರಾವ್ ಅತ್ಯುತ್ತಮ ನಟರೆನಿಸಿಕೊಂಡರು. ಇಂಥ ದೊಡ್ಡ ಸಿನಿಮಾದ ವಿಷಯದಲ್ಲೂ ಮೊದಲು ಓದಿ ಎಂದೇ ನಾನು ಹೇಳುತ್ತೇನೆ, ಅದಕ್ಕೆ ಕಾರಣಗಳಿವೆ. ಚೋಮ ಸಿಟ್ಟನ್ನೂ ದುಃಖವನ್ನೂ ಆಡಿ ತೋರಿಸುವವನಲ್ಲ, ಗುಡಿಸಲಲ್ಲಿ ಕುಳಿತು ದುಡಿ ಬಾರಿಸುವವನು. ಆ ಸದ್ದನ್ನು ಅಕ್ಷರದಲ್ಲಿ ಓದುವಾಗ ಓದುಗರೇ ಅದನ್ನು ಕಿವಿಯಲ್ಲಿ ಕಟ್ಟಿಕೊಳ್ಳಬೇಕಾಗುತ್ತದೆ. ಕೋಲ, ತೆಯ್ಯಂಗಳ ವಾದ್ಯಗಳ ನಡುವೆ ಬೆಳೆದ ಕಾಸರಗೋಡಿನವರು ಆ ದುಡಿಗೆ ತಮ್ಮ ಊರಿನ ಸದ್ದನ್ನೇ ಕೊಡಬಲ್ಲರು. ಸಿನಿಮಾ ಮೊದಲು ನೋಡಿದರೆ ನಿರ್ದೇಶಕರು ಕೇಳಿಸಿದ ದುಡಿಯೇ ಕಿವಿಯಲ್ಲಿ ಉಳಿಯುತ್ತದೆ.

ಇನ್ನೊಂದು ಕಾರಣ ಕಾಲಕ್ಕೆ ಸಂಬಂಧಿಸಿದ್ದು. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ. ಈಜು ಬಲ್ಲವರು ದಡದಲ್ಲಿದ್ದರೂ, ಮುಟ್ಟಬಾರದ ಜಾತಿಯ ಹುಡುಗನೆಂಬ ಕಾರಣಕ್ಕೆ ಅವನ ಜೀವ ಹೋಗುತ್ತದೆ. ತೆರೆಯ ಮೇಲೆ ಆ ದೃಶ್ಯ ತನ್ನ ವೇಗದಲ್ಲಿ ಬಂದು ಹೋಗುತ್ತದೆ. ಪುಸ್ತಕದಲ್ಲಾದರೆ ಅಲ್ಲಿಯೇ ನಿಲ್ಲಬಹುದು, ಹಿಂದಿನ ಪುಟಕ್ಕೆ ಹೋಗಿ ದಡದಲ್ಲಿ ಯಾರು ಯಾರು ಇದ್ದರು ಎಂದು ಮತ್ತೊಮ್ಮೆ ನೋಡಬಹುದು, ಮುಂದೆ ಓದಲಾರದೆ ಪುಸ್ತಕವನ್ನು ಮುಚ್ಚಿಡಲೂಬಹುದು. ಕೆಲವು ಸಂಗತಿಗಳನ್ನು ಮೊದಲ ಸಲ ಎದುರಿಸುವಾಗ ಈ ಸ್ವಾತಂತ್ರ್ಯ ಇರಲೇಬೇಕು.

ಓದುಗರ ಈ ಸ್ವಾತಂತ್ರ್ಯವನ್ನು ಕಾಪಾಡಿದ ಸಿನಿಮಾ ಒಂದಿದೆ, ಅದು ಮಲಯಾಳದ್ದು. ಬಷೀರರ ‘ಮದಿಲುಗಳ್’ ಕೃತಿಯಲ್ಲಿ ಜೈಲಿನ ಎತ್ತರದ ಗೋಡೆಯ ಆಚೆ ಇರುವ ನಾರಾಯಣಿಯನ್ನು ಕಥೆಗಾರ ನೋಡುವುದೇ ಇಲ್ಲ. ಅವಳು ಬಂದಿದ್ದಾಳೆಂಬುದಕ್ಕೆ ಗುರುತಾಗಿ ಒಣ ಕಡ್ಡಿಯೊಂದು ಗೋಡೆಯ ಮೇಲಕ್ಕೆ ಹಾರುತ್ತದೆ. 1990ರಲ್ಲಿ ತೆರೆಗೆ ಬಂದ ಸಿನಿಮಾದಲ್ಲಿ ಅಡೂರ್ ಗೋಪಾಲಕೃಷ್ಣನ್ ಕೂಡ ಅವಳನ್ನು ತೋರಿಸಲಿಲ್ಲ, ಧ್ವನಿಯನ್ನಷ್ಟೇ ಕೇಳಿಸಿದರು. ಆ ಧ್ವನಿ ಕೆ.ಪಿ.ಎ.ಸಿ. ಲಲಿತಾ ಅವರದು. ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಕುಳಿತು ನೋಡುವ ಕನ್ನಡಿಗರಿಗೆ ಅದು ಕೇವಲ ಧ್ವನಿಯಾಗಿಯೇ ಉಳಿಯಬಹುದು. ಮಲಯಾಳ ಸಿನಿಮಾ ನೋಡುತ್ತಲೇ ದೊಡ್ಡವರಾದ ಕಾಸರಗೋಡಿನ ಕನ್ನಡಿಗರಿಗೆ ಆ ಧ್ವನಿಯ ಹಿಂದೆಯೇ ಪರಿಚಿತ ಮುಖವೂ ಬಂದುಬಿಡುತ್ತದೆ. ಆದ್ದರಿಂದ ಬೇರೆಯವರಿಗಿಂತ ನಮಗೇ ಆ ಪುಸ್ತಕವನ್ನು ಮೊದಲು ಓದುವ ಅಗತ್ಯ ಹೆಚ್ಚು.

ನನ್ನ ನಿಲುವಿಗೆ ಒಂದು ವಿನಾಯಿತಿ ಇದೆ, ಅದೂ ಈ ಊರಿನದೇ. ಇಲ್ಲಿನ ಕನ್ನಡ ಮಾಧ್ಯಮದ ಎಷ್ಟೋ ಮಕ್ಕಳು ಮನೆಯಲ್ಲಿ ಆಡುವುದು ತುಳು, ಬ್ಯಾರಿ, ಕೊಂಕಣಿ, ಮರಾಠಿ ಅಥವಾ ಹವ್ಯಕ ಮಾತನ್ನು. ಬೀದಿಯಲ್ಲಿ ಕೇಳುವುದು ಮಲಯಾಳವನ್ನು. ಘಟ್ಟದ ಮೇಲಿನ ಕನ್ನಡ ಅವರಿಗೆ ಬಹುಮಟ್ಟಿಗೆ ಪಾಠಪುಸ್ತಕದ ಭಾಷೆ. ತೇಜಸ್ವಿಯವರ ‘ತಬರನ ಕಥೆ’ಯನ್ನು ಓದು ಎಂದು ಕೊಟ್ಟರೆ ಎರಡನೆಯ ಪುಟದಲ್ಲೇ ಬಿಡುವ ಹುಡುಗನಿಗೆ ಗಿರೀಶ ಕಾಸರವಳ್ಳಿಯವರ 1986ರ ಸಿನಿಮಾವನ್ನು ಮೊದಲು ತೋರಿಸುವುದೇ ಸರಿ. ಆ ಮಾತಿನ ಧಾಟಿ ಕಿವಿಗೆ ಬಿದ್ದಮೇಲೆ ಪುಟದ ಮೇಲಿನ ಸಾಲುಗಳೂ ಅವನಿಗೆ ಒಲಿಯುತ್ತವೆ. ಓದುವುದೇ ಇಲ್ಲ ಎನ್ನುವುದಕ್ಕಿಂತ ನೋಡಿ ಓದುವುದು ಎಷ್ಟೋ ಮೇಲು. ಹಾಗೆ ನೋಡಿದ ಮೇಲೆ ನಾಲ್ಕಾರು ವಾರ ಬಿಟ್ಟು ಪುಸ್ತಕ ಕೊಡಿ. ದೃಶ್ಯಗಳು ಸ್ವಲ್ಪ ಮಸುಕಾದಾಗ ಮಾತುಗಳಿಗೆ ಜಾಗ ಸಿಗುತ್ತದೆ.

[ದೃಶ್ಯ: ಚಂದ್ರಗಿರಿ ಕೋಟೆಯ ಮೇಲಿನಿಂದ ಹೊಳೆ]

ಕಡೆಯದಾಗಿ, ಈ ಹೊಳೆಯ ಹೆಸರು ಹೊತ್ತ ಕಾದಂಬರಿಯ ಮಾತು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ‘ಬ್ಯಾರಿ’ ಎಂಬ ಸಿನಿಮಾ 2011ನೆಯ ಸಾಲಿನ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿ ಸಿನಿಮಾವೊಂದರ ಜೊತೆ ಹಂಚಿಕೊಂಡಾಗ, ತಮ್ಮ ಕೃತಿಯನ್ನು ಅನುಮತಿಯಿಲ್ಲದೆ ಬಳಸಿಕೊಳ್ಳಲಾಗಿದೆ ಎಂದು ಲೇಖಕಿ ನ್ಯಾಯಾಲಯದ ಮೊರೆಹೋದರು. ಓದದೆ ನೋಡಿದವರಿಗೆ ಇಂಥ ವಿವಾದದಲ್ಲಿ ಸ್ವಂತ ಅಭಿಪ್ರಾಯವೇ ಸಾಧ್ಯವಿಲ್ಲ. ತಂದೆಯ ಹಟಕ್ಕೂ ಗಂಡನ ಮೇಲಿನ ಪ್ರೀತಿಗೂ ನಡುವೆ ಸಿಕ್ಕಿಕೊಂಡ ನಾದಿರಾ ಕೊನೆಗೆ ಏನು ಮಾಡುತ್ತಾಳೆ ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಕಾದಂಬರಿ ಚಿಕ್ಕದು, ಒಂದೆರಡು ದಿನದಲ್ಲಿ ಓದಿ ಮುಗಿಸಬಹುದು. ಈ ಜಿಲ್ಲೆಯ ಕನ್ನಡ ಓದುಗರು ಅದನ್ನು ಸಾರಾ ಅವರ ಮಾತುಗಳಲ್ಲೇ ಮೊದಲು ತಿಳಿಯಬೇಕೆಂಬುದು ನನ್ನ ಕೋರಿಕೆ.