ಬಾವಲಿ ಹಾರೈಸಿದರೆ

ಕೇಳುಗರಿಗೆ ನಮಸ್ಕಾರ.

ಚೀನಾದ ಅರಮನೆಯ ದಂತದ ಕೆತ್ತನೆ ಅಂದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ: ‘ಎಷ್ಟು ಬೆಲೆ ಬಾಳುತ್ತೆ ಸಾರ್?’ ದಯವಿಟ್ಟು ಬೆಲೆ ಬಿಡಿ. ಅದು ಏನು ಹಾರೈಸುತ್ತಿದೆ ಅಂತ ಕೇಳಿ.

ಈಗ ಬಾವಲಿಯನ್ನೇ ತಗೊಳ್ಳಿ. ನಮ್ಮಲ್ಲಿ ಅದು ಮನೆಯೊಳಗೆ ಬಂದರೆ ಅಪಶಕುನ. ಚೀನೀಯರಿಗೆ ಅದೇ ಭಾಗ್ಯ, ಯಾಕಂದರೆ ಎರಡಕ್ಕೂ ಅವರ ಬಾಯಲ್ಲಿ ‘ಫು’ ಅನ್ನೋ ಒಂದೇ ಸದ್ದು. ಐದು ಬಾವಲಿ ಕೆತ್ತಿದರೆ ಐದು ಭಾಗ್ಯ: ಆಯುಷ್ಯ, ಸಿರಿ, ನೆಮ್ಮದಿಯ ಆರೋಗ್ಯ, ಒಳ್ಳೆಯ ಗುಣ, ಕೊನೆಗೆ ಸುಖವಾದ ಸಾವು. ನಮ್ಮ ಅಜ್ಜಂದಿರು ‘ಅನಾಯಾಸೇನ ಮರಣಂ’ ಅಂತ ಬೇಡುತ್ತಿದ್ದರಲ್ಲ, ಅದೇ! ಪೀಚ್ ಹಣ್ಣು ಇದ್ದರೆ ದೀರ್ಘಾಯುಷ್ಯ. ಬಿರಿದ ದಾಳಿಂಬೆ ಇದ್ದರೆ ಮನೆ ತುಂಬ ಮಕ್ಕಳು. ಯಾವುದನ್ನೂ ಸುಮ್ನೆ ಅಂದಕ್ಕೆ ಕೆತ್ತಿಲ್ಲ.

18ನೇ ಶತಮಾನದಲ್ಲಿ, ಚಿಂಗ್ ದೊರೆಗಳ ಕಾಲದಲ್ಲಿ, ಬೀಜಿಂಗ್ ಅರಮನೆಯೊಳಗೇ ಇಂಥ ಕೆಲಸದ ಕಾರ್ಖಾನೆ ಇತ್ತು. ದಕ್ಷಿಣದ ಗುವಾಂಗ್‌ಡಾಂಗ್‌ನಿಂದ ಪಳಗಿದ ಕೈಗಳನ್ನು ಕರೆಸುತ್ತಿದ್ದರು. ಆ ಗುವಾಂಗ್‌ಡಾಂಗ್‌ನವರ ಒಂದು ಕತೆ ಹೇಳಲೇಬೇಕು.

ಅವರು ದಂತದಲ್ಲಿ ಚಾಪೆ ಹೆಣೆದರು! ಹೌದು, ಮಲಗುವ ಚಾಪೆ. ದಂತವನ್ನು ನೆನೆಸಿ ಮೆತ್ತಗೆ ಮಾಡಿ, ತೆಳ್ಳಗೆ ಪಟ್ಟಿ ಸೀಳಿ, ಉಜ್ಜಿ ನುಣುಪು ಮಾಡಿ, ಬಿದಿರಿನ ಹಾಗೆ ಹೆಣೆಯೋದು. ಬೀಜಿಂಗ್ ಅರಮನೆ ಸಂಗ್ರಹಾಲಯದಲ್ಲಿರುವ ಚಾಪೆ ಸುಮಾರು 7 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಅದನ್ನು ಸುತ್ತಿಡಲೂಬಹುದು. ದೊರೆ ಯೋಂಗ್‌ಝೆಂಗ್‌ಗೆ ಇದನ್ನು ಕಾಣಿಕೆ ಕೊಟ್ಟರು. ಆತ ಹಿಗ್ಗಲಿಲ್ಲ, ಮೊದಮೊದಲು ಬೈಯಲೂ ಇಲ್ಲ. ಕಾಣಿಕೆ ತರುವವರು ಜಾಸ್ತಿಯಾದಾಗ 1734ರಲ್ಲಿ ಆಜ್ಞೆ ಹೊರಡಿಸಿದ. ಬೀಸಣಿಗೆಯಾದರೆ ಚಿಕ್ಕದು, ಇರಲಿ. ಚಾಪೆಗೆ ಅಷ್ಟೊಂದು ದಂತ, ಅಷ್ಟೊಂದು ದುಡಿಮೆ ಯಾಕೆ? ಗುವಾಂಗ್‌ಡಾಂಗ್‌ನವರು ಇನ್ನು ಮಾಡಕೂಡದು, ಹಡಗಿನಲ್ಲಿ ಬಂದರೆ ಕೊಳ್ಳಕೂಡದು. ನೋಡಿ, ಬೆಲೆಯ ಲೆಕ್ಕ ಹಾಕಿದ ದೊರೆ ಚಾಪೆಯನ್ನೇ ಬೇಡ ಅಂದ!

ಸಮಯ ಓಡುತ್ತಿದೆ. ಅವನ ಮಗ ಚಿಯಾನ್‌ಲಾಂಗ್ ಕಾಲದಲ್ಲಿ, 1741ರಲ್ಲಿ, ಚೆನ್ ಝುಝಾಂಗ್ ಮತ್ತು ಸಂಗಡಿಗರು ಅರಮನೆ ಹೆಂಗಸರ ಹನ್ನೆರಡು ತಿಂಗಳ ಆಟಪಾಟಗಳನ್ನು ದಂತದಲ್ಲಿ ಕೆತ್ತಿದರು. ಅದರ ಬಗ್ಗೆಯೇ ಒಂದು ಗಂಟೆ ಮಾತಾಡಬಹುದು, ಬಿಡಿ.

ಇಷ್ಟಾದ ಮೇಲೂ ಬೆಲೆ ಕೇಳುವವರಿಗೆ ಒಂದು ಮಾತು. ಚೀನಾ ಸರ್ಕಾರವೇ 2017ರ ಕೊನೆಗೆ ದಂತದ ವ್ಯಾಪಾರ ನಿಲ್ಲಿಸಿತು. ನಮ್ಮ ದೇಶದಲ್ಲೂ ಅದನ್ನು ಮಾರೋದು, ಕೊಳ್ಳೋದು ಅಪರಾಧ. ‘ಅರಮನೆಯ ಅಸಲಿ ದಂತ’ ಅಂತ ಯಾರಾದರೂ ಮನೆ ಬಾಗಿಲಿಗೆ ಬಂದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ನಮಸ್ಕಾರ.